ಕೈ ಮೆಚ್ಚಿದ ಬದಲಿ

ದೇವರ ಪೂಜೆಯಲ್ಲಿ ಹದಿನಾರು ಉಪಚಾರಗಳನ್ನೂ ಯಥಾವತ್ತಾಗಿ ನಡೆಸುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ವಸ್ತ್ರವನ್ನು ಸಮರ್ಪಿಸಬೇಕಾದ ಹೊತ್ತಿಗೆ ವಸ್ತ್ರವಿಲ್ಲ. ಆಭರಣದ ಹೊತ್ತಿಗೆ ಆಭರಣವಿಲ್ಲ. ನಮ್ಮ ಪುರೋಹಿತರು ಇದಕ್ಕೆ ಸುಲಭವಾದ ದಾರಿಯೊಂದನ್ನು ಕಂಡುಕೊಂಡಿದ್ದಾರೆ. ‘ಅದರ ಬದಲು ಅಕ್ಷತೆ ಹಾಕಿ’ ಎನ್ನುತ್ತಾರೆ. ಯಜಮಾನನು ನಾಲ್ಕು ಕಾಳು ಹಾಕುತ್ತಾನೆ. ಪೀತಾಂಬರವೂ ಆಯಿತು, ಕಿರೀಟವೂ ಆಯಿತು. ದೇವರು ಇದಕ್ಕೆ ಆಕ್ಷೇಪಣೆ ಎತ್ತಿದ ಸುದ್ದಿ ಈವರೆಗೆ ಬಂದಿಲ್ಲ. ಆದರೆ ಮನೆಯ ಮಗುವೊಂದು ತನ್ನ ಮೆಚ್ಚಿನ ಬೊಂಬೆಯನ್ನು ಕಳೆದುಕೊಂಡು ಕುಳಿತಿರುವಾಗ ಮತ್ತೊಂದನ್ನು ಅದರ ಕೈಗಿಟ್ಟು ‘ಇದೂ ಅದೇ ಕಣೋ’ ಎಂದು ಹೇಳಿ ನೋಡಿ. ಮಗು ದೇವರಷ್ಟು ಉದಾರಿಯಲ್ಲವೆಂಬುದು ಆ ಕ್ಷಣವೇ ತಿಳಿಯುತ್ತದೆ.

ಈಚಿನ ವರ್ಷಗಳಲ್ಲಿ ಮಕ್ಕಳ ಕೈಗೆ ಬಂದಿರುವ ಮೆತ್ತನೆಯ ಬೊಂಬೆಯೊಂದಿದೆ. ಅಂಗಡಿಯವರು ಅದನ್ನು ಸ್ಕ್ವಿಶಿ ಎನ್ನುತ್ತಾರೆ. ಬೆಕ್ಕಿನ ಮರಿ, ಬನ್ನು, ಕಲ್ಲಂಗಡಿಯ ಹೋಳು, ಆನೆ, ಮೋಡ, ರೂಪ ಯಾವುದೇ ಇರಲಿ, ಗುಣ ಒಂದೇ. ಮುಷ್ಟಿಯಲ್ಲಿ ಹಿಂಡಿದರೆ ಕುಗ್ಗುತ್ತದೆ. ಬಿಟ್ಟರೆ ಮೆಲ್ಲಮೆಲ್ಲನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಕೆಲವು ಪಾಲಿಯುರಿಥೇನ್ ಎಂಬ ಕೃತಕ ನೊರೆಯಿಂದ ಆದವು, ಎಂದರೆ ನಮ್ಮ ಸ್ಪಂಜಿನ ಹಾಸಿಗೆಯ ಹತ್ತಿರದ ಬಂಧುಗಳು. ಇನ್ನು ಕೆಲವು ರಬ್ಬರಿನಂಥ ತೆಳುಚರ್ಮದೊಳಗೆ ಲೋಳೆಯನ್ನು ತುಂಬಿ ಮಾಡಿದವು. ಈ ಬೊಂಬೆ ಓಡುವುದಿಲ್ಲ, ಹಾರುವುದಿಲ್ಲ, ಕೀ ಕೊಟ್ಟರೆ ಕುಣಿಯುವುದೂ ಇಲ್ಲ. ಇದರಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ಸುಮ್ಮನೆ ಕೈಯಲ್ಲಿರುತ್ತದೆ. ಅದೇ ಅದರ ಮಹಿಮೆ.

ಇದನ್ನು ಕಂಡು ಹಿರಿಯರಿಗೆ ನಗು ಬರುವುದುಂಟು. ನಗುವ ಮೊದಲು ಅವರು ತಮ್ಮ ಕೈಗಳ ಮೇಲೂ ಒಮ್ಮೆ ಕಣ್ಣಿಡುವುದು ಒಳ್ಳೆಯದು. ಸಭೆಯಲ್ಲಿ ಕುಳಿತವರು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಭಾಷಣ ಕೇಳುತ್ತಾರೆ. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಮಗಳ ಮದುವೆಯ ಮಾತುಕತೆಯನ್ನು ಮುಗಿಸಿದ ತಾಯಂದಿರಿದ್ದಾರೆ. ನಶ್ಯದ ಡಬ್ಬಿಯ ಮೇಲೆ ಬೆರಳಿನಿಂದ ತಟ್ಟದೆ ಒಂದು ಲೆಕ್ಕವನ್ನೂ ಬಿಡಿಸಲಾರದ ಮೇಷ್ಟರುಗಳನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಗ್ರೀಸ್ ದೇಶದವರು ಕೊಂಬೊಲೋಯಿ ಎಂಬ ಮಣಿಸರವನ್ನು ಬೆರಳ ಸಂದಿಯಲ್ಲಿ ಸರಿಸುತ್ತ ಕಾಫಿಯಂಗಡಿಗಳಲ್ಲಿ ಹೊತ್ತು ಕಳೆಯುತ್ತಾರೆ. ಅದಕ್ಕೂ ಜಪಕ್ಕೂ ಸಂಬಂಧವಿಲ್ಲ. ಚೀನದಲ್ಲಿ ಎರಡು ಗುಂಡುಗಳನ್ನು ಅಂಗೈಯಲ್ಲಿ ಒಂದರ ಸುತ್ತ ಒಂದನ್ನು ಹೊರಳಿಸುವ ಅಭ್ಯಾಸ ಹಳೆಯದು. ಕೈಗೆ ಕೆಲಸವಿಲ್ಲದಿದ್ದರೆ ಮನಸ್ಸು ನಿಲ್ಲದು ಎಂಬುದನ್ನು ಮನುಷ್ಯಕುಲ ಬಹು ಹಿಂದೆಯೇ ತಿಳಿದಿದ್ದಂತೆ ತೋರುತ್ತದೆ.

ವಿದ್ವಾಂಸರೂ ಇದನ್ನು ಪರೀಕ್ಷಿಸದೆ ಬಿಟ್ಟಿಲ್ಲ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿಗೆ ಬಲು ನೀರಸವಾದ ದೂರವಾಣಿ ಸಂದೇಶವೊಂದನ್ನು ಕೇಳಿಸಲಾಯಿತು. ಅವರಲ್ಲಿ ಅರ್ಧ ಜನ ಕೇಳುತ್ತಲೇ ಕಾಗದದ ಮೇಲಿನ ಆಕೃತಿಗಳಿಗೆ ಪೆನ್ಸಿಲಿನಿಂದ ಬಣ್ಣ ತುಂಬುತ್ತಿದ್ದರು. ಸುಮ್ಮನೆ ಕೇಳಿದವರಿಗಿಂತ ಈ ಗೀಚಿದವರು ನೂರಕ್ಕೆ 29ರಷ್ಟು ಹೆಚ್ಚು ವಿಷಯವನ್ನು ನೆನಪಿಟ್ಟಿದ್ದರು. ಇದಕ್ಕೆ ಪ್ರತಿಯಾಗಿ, 2017ರಲ್ಲಿ ಹುಚ್ಚಿನಂತೆ ಹಬ್ಬಿದ್ದ ಬೆರಳ ಮೇಲೆ ತಿರುಗುವ ಸ್ಪಿನ್ನರನ್ನು ಕೈಯಲ್ಲಿ ಹಿಡಿದು ಪಾಠ ನೋಡಿದವರು ಕಡಿಮೆ ನೆನಪಿಟ್ಟರೆಂದು ಸೋರೆಸ್ ಮತ್ತು ಸ್ಟಾರ್ಮ್ ಎಂಬ ಅಮೆರಿಕದ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಎರಡೂ ಕೈಯಾಟಗಳೇ. ಆದರೆ ಒಂದು ಕೈಯನ್ನು ತೆಪ್ಪಗೆ ಇಡುತ್ತದೆ. ಇನ್ನೊಂದು ‘ನನ್ನನ್ನು ನೋಡು, ನನ್ನನ್ನು ನೋಡು’ ಎಂದು ಕರೆಯುತ್ತದೆ. ವ್ಯತ್ಯಾಸಕ್ಕೆ ಇದೇ ಕಾರಣವಿರಬೇಕೆಂಬುದು ನನ್ನ ಊಹೆ. ಮೆತ್ತನೆಯ ಬೊಂಬೆಯ ಸುಕೃತವೆಂದರೆ ಅದು ಜೇಬಿನೊಳಗಿದ್ದರೂ ತನ್ನ ಕೆಲಸವನ್ನು ಮಾಡುತ್ತದೆ.

ಕೆಲವು ಮಕ್ಕಳಿಗಂತೂ ಇದು ಹವ್ಯಾಸಕ್ಕಿಂತ ಹೆಚ್ಚಿನದು. ಆಟಿಸಂ ಎಂದು ವೈದ್ಯರು ಕರೆಯುವ ಸ್ಥಿತಿಯ ಮಕ್ಕಳಲ್ಲಿ ಹಲವರಿಗೆ ಹೊರಗಿನ ಸದ್ದು, ಬೆಳಕು, ಜನಸಂದಣಿ ಎಲ್ಲವೂ ಒಮ್ಮೆಗೇ ಮೇಲೆ ಬಿದ್ದಂತೆ ಆಗುತ್ತದೆ. ಆಗ ಕೈಯೊಳಗಿನ ಒಂದು ಪರಿಚಿತ ವಸ್ತು ಹೊಳೆ ದಾಟುವವನ ಕೈಯ ಹಗ್ಗವಿದ್ದಂತೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಸ್ವತಃ ಆ ಸ್ಥಿತಿಯವರು. ಹುಡುಗಿಯಾಗಿದ್ದಾಗ ಅವರು ಬಂಧುವೊಬ್ಬರ ಪಶುಶಾಲೆಯಲ್ಲಿ ದನಗಳನ್ನು ಎರಡು ಪಕ್ಕಗಳಿಂದ ಒತ್ತಿ ಹಿಡಿಯುವ ಚೌಕಟ್ಟಿನೊಳಗೆ ಬೆದರಿದ ದನವೂ ಶಾಂತವಾಗುವುದನ್ನು ಕಂಡು, ತಮಗಾಗಿಯೇ ಅಂಥದೊಂದು ಯಂತ್ರವನ್ನು ಮಾಡಿಕೊಂಡರು. ಅದರ ಪರಿಣಾಮವನ್ನು ಕುರಿತು 1992ರಲ್ಲಿ ಲೇಖನವನ್ನೂ ಬರೆದರು. ಒತ್ತು ಎಂಬುದು ಅವರಿಗೆ ಔಷಧವಾಗಿತ್ತು. ಅಂಥ ಮಗುವಿನ ಬೊಂಬೆ ಹರಿದುಹೋದ ದಿನ ಮನೆಯಲ್ಲಿ ಏಳುವ ಕೋಲಾಹಲವನ್ನು ಹಟವೆಂದು ಕರೆಯುವುದು ಸುಲಭ. ಊರುಗೋಲು ಮುರಿದ ಮುದುಕನನ್ನು ಹಟಮಾರಿ ಎಂದು ನಾವು ಯಾರೂ ಕರೆಯುವುದಿಲ್ಲ.

ದುರದೃಷ್ಟವೆಂದರೆ ಈ ಬೊಂಬೆಗಳಿಗೆ ಆಯುಸ್ಸು ಕಡಿಮೆ. ನೊರೆ ಬಿರಿಯುತ್ತದೆ, ಚರ್ಮ ಹರಿದು ಲೋಳೆ ಪುಸ್ತಕದ ಮೇಲೆ ಹರಿಯುತ್ತದೆ. ಮತ್ತೊಂದನ್ನು ತರಲು ಹೋದರೆ ‘ಆ ಮಾಲು ಈಗ ಬರ್ತಿಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ವ್ಯಾಪಾರ ನಡೆಯುವುದು ಋತುಮಾನದ ಹಣ್ಣಿನ ವ್ಯಾಪಾರದಂತೆ. ಒಂದು ವರ್ಷದ ಆನೆಮರಿ ಮುಂದಿನ ವರ್ಷ ಇರುವುದಿಲ್ಲ. ಸಿಕ್ಕಿದ್ದೆಲ್ಲವನ್ನೂ ಕೊಳ್ಳುವಂತೆಯೂ ಇಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಇಂಥ 12 ಬೊಂಬೆಗಳನ್ನು ಪರೀಕ್ಷಿಸಿ, ಹನ್ನೆರಡರಿಂದಲೂ ಹಾನಿಕರವಾದ ರಾಸಾಯನಿಕಗಳ ಆವಿ ಹೊರಡುತ್ತಿದೆಯೆಂದು ಕಂಡು ಅವನ್ನು ಮಾರುಕಟ್ಟೆಯಿಂದ ತೆಗೆಸಿತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಮೇಲೆ ಐ.ಎಸ್.ಐ. ಗುರುತು ಇರಬೇಕೆಂಬ ಕಟ್ಟಳೆ ಜಾರಿಗೆ ಬಂದಿದೆ. ಪೊಟ್ಟಣ ಬಿಚ್ಚಿದೊಡನೆ ಘಾಟು ಹೊಡೆಯುವ, ಗುರುತಿಲ್ಲದ ಬೊಂಬೆಯನ್ನು ಮೂಗೇ ತಿರಸ್ಕರಿಸಲಿ.

ಚನ್ನಪಟ್ಟಣದಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದಾನೆ. ಅವನ ಎಡಗೈಯಲ್ಲಿ ನೀಲಿ ಆನೆಮರಿಯೊಂದು ಸದಾ ಇರುತ್ತಿತ್ತು; ಅದನ್ನು ಹಿಂಡುತ್ತ ಬಲಗೈಯಿಂದ ಭಾಗಾಕಾರ ಮಾಡುತ್ತಿದ್ದ. ಪರೀಕ್ಷೆಗೆ ವಾರವಿರುವಾಗ ಆನೆಮರಿಯ ಹೊಟ್ಟೆ ಹರಿಯಿತು. ತಂದೆ ಬೆಂಗಳೂರಿನಿಂದ ಅದೇ ಬಣ್ಣದ, ಅದೇ ಸೊಂಡಿಲಿನ ಮತ್ತೊಂದು ಆನೆಯನ್ನು ತಂದರು. ಹುಡುಗ ಕಣ್ಣು ಮುಚ್ಚಿಕೊಂಡು ಎರಡು ಸಲ ಹಿಂಡಿದ, ಕೆಳಗಿಟ್ಟ. ಮಾವ ಇನ್ನೊಂದು ಬಗೆಯದನ್ನು ತಂದರು; ಅದಕ್ಕೂ ಅದೇ ಗತಿ. ಕಡೆಗೆ ಅವನ ತಾತ, ಹಿಂದೆ ತಾವೂ ಅರಗಿನ ಬೊಂಬೆಯ ಕೆಲಸ ಮಾಡಿದವರು, ಊರಿನ ಅಂಗಡಿಯಿಂದ ಅಂದವಾದ ನೀಲಿ ಆನೆಯೊಂದನ್ನು ತಂದುಕೊಟ್ಟರು. ಕನ್ನಡಿಯಂತೆ ಹೊಳೆಯುವ ಮೈ, ಮೊರದಂಥ ಕಿವಿ. ‘ಲೋಕದವರೆಲ್ಲ ನಮ್ಮೂರ ಬೊಂಬೆ ಬೇಕು ಅಂತಾರೆ, ನಿಂಗೆ ಬೇಡ್ವೇನೋ ಮಗ?’ ಎಂದರು. ಹುಡುಗ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು ಚೆನ್ನಾಗಿ ನೋಡಿದ. ‘ಚೆನ್ನಾಗೈತೆ ತಾತ. ಆದ್ರೆ ಇದು ಒಳಗೆ ಹೋಗಲ್ಲ’ ಎಂದ.

ಆ ಮಾತನ್ನು ನಾನು ಅಂದಿನಿಂದ ಮರೆತಿಲ್ಲ. ಬದಲಿಯನ್ನು ಆರಿಸುವವರು ಸಾಮಾನ್ಯವಾಗಿ ಆನೆಗೆ ಆನೆಯನ್ನು, ನೀಲಿಗೆ ನೀಲಿಯನ್ನು ಹುಡುಕುತ್ತಾರೆ. ಅದು ಕಣ್ಣಿನ ಲೆಕ್ಕ. ಹುಡುಗನ ಲೆಕ್ಕ ಬೇರೆ. ಅವನಿಗೆ ಬೇಕಾದುದು ಆನೆಯೇ ಅಲ್ಲ, ‘ಒಳಗೆ ಹೋಗುವುದು’.

ನಮ್ಮ ಆಯುರ್ವೇದದವರು ಈ ವಿವೇಕವನ್ನು ಶಾಸ್ತ್ರವಾಗಿಯೇ ಬರೆದಿಟ್ಟಿದ್ದಾರೆ. 16ನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ಪ್ರತಿನಿಧಿ ದ್ರವ್ಯಗಳ ಪಟ್ಟಿಯೊಂದಿದೆ. ಹಿಮಾಲಯದಲ್ಲಿ ಬೆಳೆಯುವ ಮೇದಾ, ಮಹಾಮೇದಾ ಎಂಬ ಗೆಡ್ಡೆಗಳು ದೊರೆಯದಿದ್ದರೆ ಶತಾವರಿ. ಕಾಕೋಲಿ ಇಲ್ಲದಿದ್ದರೆ ಅಶ್ವಗಂಧ. ಅತಿವಿಷ ಸಿಗದಿದ್ದರೆ ಮುಸ್ತ, ಎಂದರೆ ನಮ್ಮ ಗದ್ದೆಬದುವಿನ ಕೊನ್ನಾರಿಗೆಡ್ಡೆ. ನೋಡಲು ಒಂದರಂತೆ ಒಂದಿರಬೇಕೆಂಬ ನಿಯಮವಿಲ್ಲ. ರಸ, ಗುಣ, ವೀರ್ಯ, ವಿಪಾಕಗಳಲ್ಲಿ ಹತ್ತಿರವಿರಬೇಕು. ಒಳಗೆ ಹೋದ ಮೇಲೆ ಮಾಡುವ ಕೆಲಸ ಒಂದಾಗಬೇಕು. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಯೋಗದಲ್ಲಿ ಅಪ್ರಧಾನವಾದುದಕ್ಕೆ ಮಾತ್ರ ಪ್ರತಿನಿಧಿ. ಪ್ರಧಾನ ದ್ರವ್ಯಕ್ಕೆ ಇಲ್ಲ. ಬೊಂಬೆಯ ವಿಷಯದಲ್ಲಿಯೂ ಪ್ರಧಾನ ಯಾವುದು, ಅಪ್ರಧಾನ ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಣ್ಣ, ಮುಖ, ಸೊಂಡಿಲುಗಳನ್ನು ಬದಲಿಸಬಹುದು. ಒತ್ತನ್ನು ಬದಲಿಸಲಾಗದು.

ಬದಲಿಯನ್ನು ಹುಡುಕುವ ಈ ವಿದ್ಯೆ ಚನ್ನಪಟ್ಟಣಕ್ಕೆ ಹೊಸದೇನೂ ಅಲ್ಲ. ಆ ಊರಿನ ಬೊಂಬೆಯ ಕತೆಯೇ ಬದಲಿಯ ಕತೆ. ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಿಗಳನ್ನು ಕರೆಸಿ ಈ ಕಲೆಯನ್ನು ಕಲಿಸಿದನೆಂದೂ, ಮುಂದೆ ಬಾವಾಸ್ ಮಿಯಾನ್ ಎಂಬುವರು ಜಪಾನಿನ ವಿಧಾನಗಳನ್ನು ತಂದು ಬೆಳೆಸಿದರೆಂದೂ ಪ್ರತೀತಿ. ಬೊಂಬೆಗೆ ಮೂಲದ್ರವ್ಯ ಆಲೆ ಮರ. ಹಾಲೆ ಎಂದೂ ಹೇಳುತ್ತಾರೆ. ಹೆಸರಿಗೆ ತಕ್ಕಂತೆ ಗೀರಿದರೆ ಹಾಲಿನಂಥ ಸೊನೆ ಬರುತ್ತದೆ; ಒಳಗಿನ ಮರ ದಂತದಂತೆ ಬಿಳುಪು, ಎಳೆ ಸಣ್ಣದು. ಮಾಗಡಿಯ ಸಾವನದುರ್ಗದ ಸುತ್ತ ಇರುವಂಥ ಎಲೆಯುದುರುವ ಒಣಕಾಡುಗಳು ಈ ಜಾತಿಯ ಮರಕ್ಕೆ ಒಗ್ಗುವ ನೆಲ. ಮರವನ್ನು ಕೊರಡು ಮಾಡಿ, ತಿಂಗಳುಗಟ್ಟಲೆ ಒಣಗಿಸಿ, ಲೇತ್ ಯಂತ್ರಕ್ಕೆ ಕಟ್ಟಿ ತಿರುಗಿಸುತ್ತಾರೆ. ಉಳಿಯಿಂದ ರೂಪ ಬಂದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಕುಂಚವಿಲ್ಲ, ಒಲೆಯೂ ಇಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಅದರ ಮೇಲೆ ಕೇದಗೆಯ ಗರಿಯನ್ನು ಹಿಡಿದರೆ ಹೊಳಪು ಬರುತ್ತದೆ. ರಾಮನಗರ ಒಂದು ಹುಳುವಿನ ನೂಲಿನಿಂದ ಹೆಸರು ಪಡೆಯಿತು. ಅಲ್ಲಿಗೆ ಹತ್ತು ಹನ್ನೆರಡು ಕಿಲೋಮೀಟರು ದೂರದ ಚನ್ನಪಟ್ಟಣ ಇನ್ನೊಂದು ಹುಳುವಿನ ಅಂಟಿನಿಂದ. ಈ ಅಂಟು ಬರುವುದು ಮಾತ್ರ ದೂರದಿಂದ. ನಮ್ಮ ದೇಶದ ಅರಗಿನ ಬಹುಪಾಲು ಜಾರ್ಖಂಡ, ಛತ್ತೀಸಗಢಗಳ ಕಡೆಯ ಕಾಡುಗಳದು.

ಬೇಡಿಕೆಯಿದ್ದಷ್ಟು ಆಲೆ ಮರ ಎಲ್ಲ ಕಾಲದಲ್ಲಿಯೂ ದೊರೆಯದು. ಹಾಗಾಗಿ ಈಗ ರಬ್ಬರ್ ಮರ, ತೇಗ, ಪೈನ್, ಸೀಡರ್ ಮೊದಲಾದುವನ್ನೂ ಬಳಸುತ್ತಾರೆ. ಈ ಆಯ್ಕೆಯಲ್ಲಿ ಬಿಳುಪು ದೊಡ್ಡ ಮಾತಲ್ಲ. ಅರಗು ಬಳಿದ ಮೇಲೆ ಕೆಳಗಿನ ಮರದ ಬಣ್ಣ ಯಾರಿಗೆ ಕಾಣಬೇಕು? ಒಣಗುವಾಗ ಸೀಳುವುದೇ, ಉಳಿಗೆ ಬಗ್ಗುವುದೇ, ಅರಗನ್ನು ಹಿಡಿಯುವುದೇ, ಮಗು ಬಾಯಿಗಿಟ್ಟರೆ ಎಳೆ ಎದ್ದು ಚುಚ್ಚುವುದೇ, ಇವು ನೋಡಬೇಕಾದ ಸಂಗತಿಗಳು. ಪ್ರತಿಯೊಂದು ಬದಲಿಗೂ ಅದರದೇ ಕುಂದಿದೆ. ತೇಗದ ಎಳೆ ದಪ್ಪ, ಬೆಲೆಯೂ ದಪ್ಪ. ರಬ್ಬರ್ ಮರಕ್ಕೆ ಹುಳುವಿನ ಮತ್ತು ಬೂಷ್ಟಿನ ಕಾಟ ಹೆಚ್ಚಾದುದರಿಂದ ಔಷಧ ಕುಡಿಸಿಯೇ ಬಳಸಬೇಕು. ಆದರೂ ಅದು ತೋಟದ ಮರ. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಬತ್ತಿದ ಮೇಲೆ ಕಡಿಯುವಂಥದು. ಹಾಲು ಸುರಿಸುವ ಮರದ ಸ್ಥಾನಕ್ಕೆ ಹಾಲು ಸುರಿಸುವ ಇನ್ನೊಂದು ಮರವೇ ಬಂದುದು ನನಗಂತೂ ಸೊಗಸಾಗಿ ಕಾಣುತ್ತದೆ. ಒಂದೇ ಮರದ ಹಾಲಿನಿಂದ ಹಿಂಡುವ ಚೆಂಡು, ಒಡಲಿನಿಂದ ಹಿಂಡಲಾಗದ ಬೊಂಬೆ!

ಬೊಂಬೆಗಳ ಊರು ತಾನೇ ಬದಲಿಯ ಪೆಟ್ಟನ್ನೂ ತಿಂದಿದೆ. ಅಗ್ಗದ ಪ್ಲಾಸ್ಟಿಕ್ ಬೊಂಬೆ ಬಂದಾಗ ಕೊಳ್ಳುವವರು ಮರದ ಬೊಂಬೆಗೆ ಅದನ್ನೇ ಬದಲಿಯಾಗಿ ಮಾಡಿಕೊಂಡರು. ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದರಿಂದ ಹೆಸರಿಗೆ ರಕ್ಷಣೆ ಸಿಕ್ಕಿತು. ಆದರೆ 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ, ಹಳೆಯ ಮೈಸೂರು ರಸ್ತೆಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ವಾಹನಗಳು ಕಡಿಮೆಯಾದುವು. ಆದುದರಿಂದ, ಹರಿದ ಸ್ಕ್ವಿಶಿಯ ಬದಲು ನಮ್ಮೂರ ಮರದ ಬೊಂಬೆಯನ್ನೇ ಕೊಳ್ಳಿರೆಂದು ಬರೆಯಲು ನನಗೂ ಆಸೆ. ಆದರೆ ಒಂಬತ್ತು ವರ್ಷದ ನ್ಯಾಯಾಧೀಶನ ತೀರ್ಪು ಅಡ್ಡ ಬರುತ್ತದೆ: ಅದು ಒಳಗೆ ಹೋಗುವುದಿಲ್ಲ.

ಆದರೆ ಎಲ್ಲ ಮಕ್ಕಳ ಬೆರಳೂ ಒತ್ತುವುದನ್ನೇ ಬೇಡುವುದಿಲ್ಲ. ಮೆತ್ತನೆಯ ಬೊಂಬೆಯನ್ನು ಹಿಡಿದ ಮಗುವನ್ನು ಅದಕ್ಕೆ ತಿಳಿಯದಂತೆ ಒಂದಷ್ಟು ಹೊತ್ತು ನೋಡಿ. ಕೆಲವರು ಹಿಂಡುವುದೇ ಇಲ್ಲ. ಹೆಬ್ಬೆರಳಿನಿಂದ ಅದರ ನುಣುಪಾದ ಬೆನ್ನನ್ನು ಸವರುತ್ತಿರುತ್ತಾರೆ. ಕೆಲವರು ಎರಡು ಅಂಗೈಗಳ ನಡುವೆ ಉರುಳಿಸುತ್ತಾರೆ. ಇಂಥವರಿಗೆ ಅರಗಿನ ಬೊಂಬೆಯಂಥ ಬದಲಿ ಮತ್ತೊಂದಿಲ್ಲ. ಚನ್ನಪಟ್ಟಣದ ಬುಗುರಿ, ಗಿಲಕಿ, ದಾರಕ್ಕೆ ಪೋಣಿಸಿದ ಅರಗಿನ ಮಣಿ, ಇವುಗಳ ನುಣುಪು ಹೆಬ್ಬೆರಳಿಗೇ ಮಾಡಿಸಿದಂತಿದೆ. ವರ್ಷಗಟ್ಟಲೆ ಸವರಿದರೂ ಹರಿಯುವುದಿಲ್ಲ. ಹುಡುಗನ ತಾತ ತಂದ ಆನೆ ಅವನ ಐದು ವರ್ಷದ ತಂಗಿಯ ಪಾಲಾಯಿತು. ಅವಳು ಸವರುವ ಜಾತಿ.

ಹಿಂಡುವ ಜಾತಿಯಲ್ಲಿಯೂ ಎರಡು ಪಂಗಡಗಳಿವೆ. ಒತ್ತಿದ್ದು ಒತ್ತಿದಂತೆ ಉಳಿದರೆ ಸಂತೋಷಪಡುವವರು ಒಂದು ಕಡೆ. ಒತ್ತಿದ್ದು ಮರಳಿ ಎದ್ದು ಬರುವುದನ್ನು ಕಾಯುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಬದಲಿ ಮನೆಯಲ್ಲಿಯೇ ಇದೆ. ಚಪಾತಿ ಒತ್ತುವ ತಾಯಿಯ ಪಕ್ಕದಲ್ಲಿ ಕುಳಿತು ಒಂದುಂಡೆ ಹಿಟ್ಟಿಗಾಗಿ ಕೈಚಾಚದ ಮಗುವನ್ನು ನಾನು ಕಂಡಿಲ್ಲ. ಗೋಧಿಹಿಟ್ಟಿಗೆ ಧಾರಾಳವಾಗಿ ಉಪ್ಪು, ಸ್ವಲ್ಪ ಎಣ್ಣೆ ಹಾಕಿ ನಾದಿ, ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಹುಳಿಯದೆ ಇರುತ್ತದೆ; ಬಾಯಿಗಿಡುವಷ್ಟು ಚಿಕ್ಕ ಮಕ್ಕಳಿಗೆ ಮಾತ್ರ ಈ ಉಪ್ಪುಹಿಟ್ಟು ಬೇಡ. ಕೆರೆಯಂಗಳದ ಜೇಡಿಮಣ್ಣೂ ಆದೀತು; ಅಂಗಿಯ ಆಸೆಯನ್ನು ಬಿಟ್ಟಿರಬೇಕು, ಅಷ್ಟೆ.

ಎದ್ದು ಬರುವುದನ್ನು ಬಯಸುವವರ ಕೆಲಸ ಕಷ್ಟ. ಹಿಟ್ಟು ಏಳುವುದಿಲ್ಲ, ಮಣ್ಣೂ ಏಳುವುದಿಲ್ಲ. ಬೂರುಗದ ಹತ್ತಿಯನ್ನು ಬಿಗಿಯಾಗಿ ತುಂಬಿ ಹೊಲಿದ ಚಿಕ್ಕ ಚೆಂಡು ಸ್ವಲ್ಪ ಮಟ್ಟಿಗೆ ಏಳುತ್ತದೆ. ಸಾಮಾನ್ಯ ಹತ್ತಿಯಂತೆ ಬೇಗ ಗಂಟುಗಟ್ಟುವುದಿಲ್ಲ. ಅದೂ ಒಪ್ಪಿಗೆಯಾಗದಿದ್ದರೆ ಮತ್ತೆ ಅಂಗಡಿಗೇ ಹೋಗಬೇಕು. ಹಾಗೆ ಹೋಗುವಾಗ ಪರೀಕ್ಷೆ ಹೇಗಿರಬೇಕೆಂಬುದನ್ನು ರಾಮನಗರದಲ್ಲಿ ಕಲಿಯಬಹುದು. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ರಾಶಿಯ ಮುಂದೆ ನಿಂತು ಗೂಡೊಂದನ್ನು ಎತ್ತಿ ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ನೋಡುತ್ತಾರೆ. ಗಟ್ಟಿ ಗೂಡೇ, ಜಾಳು ಗೂಡೇ ಎಂಬುದನ್ನು ಬೆರಳು ಹೇಳುತ್ತದೆ. ಹುಡುಗ ಕಣ್ಣು ಮುಚ್ಚಿಕೊಂಡು ಮಾಡಿದ್ದೂ ಇದನ್ನೇ. ಹರಿದ ಬೊಂಬೆಯನ್ನು ಜೊತೆಗೆ ಒಯ್ದು, ಎಷ್ಟು ಬಲಕ್ಕೆ ಎಷ್ಟು ಕುಗ್ಗುತ್ತದೆ, ಮರಳಲು ಎಷ್ಟು ಎಣಿಕೆ ಬೇಕು ಎಂಬುದನ್ನು ಮಗುವೇ ಹೋಲಿಸಿ ನೋಡಲಿ. ತಂದೆತಾಯಂದಿರು ಬೆಲೆಯನ್ನು ನೋಡಿಕೊಂಡರೆ ಸಾಕು.

ನಮ್ಮ ಹುಡುಗನ ಸಮಸ್ಯೆಯನ್ನು ಬಿಡಿಸಿದವರು ಅವನ ಅಜ್ಜಿ. ಅವರು ಕನಕಪುರದ ಕಡೆಯ ರಾಗಿಸೀಮೆಯವರು. ಎಳೆಗೂಸಿನ ತಲೆ ಗುಂಡಗಾಗಲೆಂದು ಸಾಸಿವೆಯನ್ನೋ ರಾಗಿಯನ್ನೋ ತುಂಬಿದ ದಿಂಬನ್ನಿಡುವ ಪದ್ಧತಿಯನ್ನು ಬಲ್ಲವರು. ಹಳೆಯ ರೇಷ್ಮೆ ರವಿಕೆಯ ತುಂಡಿನಿಂದ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಚೀಲವೊಂದನ್ನು ಹೊಲಿದು, ಮುಕ್ಕಾಲು ಪಾಲು ರಾಗಿಯನ್ನು ತುಂಬಿ, ಎರಡು ಸಾಲು ಹೊಲಿಗೆ ಹಾಕಿ ಕೊಟ್ಟರು. ‘ಇದು ನಿನ್ನ ಆನೆ ಅಲ್ಲ ಕಂದ. ಇದು ಬೇರೆ. ಹಿಡ್ಕೊಂಡು ನೋಡು’ ಎಂದರು. ರಾಗಿಕಾಳು ಸಣ್ಣದು, ದುಂಡಗಿನದು. ಹಿಂಡಿದರೆ ನೀರಿನಂತೆ ಬೆರಳ ಸಂದಿಗೆ ಸರಿಯುತ್ತದೆ. ಅದು ಎದ್ದು ಬರುವುದಿಲ್ಲವೆಂಬುದು ನಿಜ. ಆದರೆ ಒಳಗೆ ಹೋಗುತ್ತದೆ. ಹುಡುಗನಿಗೆ ಪ್ರಧಾನವಾದುದು ಅದೇ ಎಂಬುದು ಆಗ ಗೊತ್ತಾಯಿತು. ಭಾಗಾಕಾರ ಮುಂದುವರಿಯಿತು.

ಅಜ್ಜಿ ಹೇಳಿದ ‘ಇದು ಬೇರೆ’ ಎಂಬ ಮಾತು ಸಣ್ಣದಲ್ಲ. ಬ್ರೂಸ್ ಹುಡ್, ಪಾಲ್ ಬ್ಲೂಮ್ ಎಂಬ ಮನಶ್ಶಾಸ್ತ್ರಜ್ಞರು 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಾವ ವಸ್ತುವನ್ನಾದರೂ ಪಡಿಯಚ್ಚಿನಂತೆ ಇನ್ನೊಂದಾಗಿ ಮಾಡಿಕೊಡುತ್ತದೆಂದು ನಂಬಿಸುವ ಯಂತ್ರವೊಂದನ್ನು ಮಕ್ಕಳ ಮುಂದಿಟ್ಟರು. ತಮ್ಮ ನೆಚ್ಚಿನ ಬೊಂಬೆಯನ್ನು ಆ ಯಂತ್ರದೊಳಗಿಡಲು ಕೆಲವು ಮಕ್ಕಳು ಒಪ್ಪಲೇ ಇಲ್ಲ. ಒಪ್ಪಿದವರಲ್ಲಿ ಹೆಚ್ಚಿನವರು ಪ್ರತಿಯನ್ನು ಒಲ್ಲೆವೆಂದು ಮೂಲವನ್ನೇ ಕೇಳಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬದಲಿಯೇ ಮಗುವಿಗೆ ಬೇಡವಾದರೆ, ಬೆಂಗಳೂರಿನಿಂದ ತಂದ ಅರೆಬರೆ ಹೋಲಿಕೆಯ ಆನೆಯ ಪಾಡೇನು? ಹೋಲಿಕೆ ಹೆಚ್ಚಿದಷ್ಟೂ ಮಗು ಮೋಸವನ್ನೇ ಕಾಣುತ್ತದೆ. ಬೇರೆ ಎಂದು ಒಪ್ಪಿಕೊಂಡು ಬಂದ ವಸ್ತುವಿಗೆ ಹಳೆಯದರೊಡನೆ ಸ್ಪರ್ಧೆಯಿಲ್ಲ.

ಬದಲಿಯಾಗಿ ಸೋತು, ಬೇರೆಯಾಗಿ ಗೆದ್ದ ವಸ್ತುವೊಂದರ ಕತೆಯನ್ನು ಇಲ್ಲಿ ಹೇ಼ಳದಿರಲಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಬ್ಬರಿನ ಸೀಮೆಗಳು ಜಪಾನಿನ ವಶವಾದಾಗ ಅಮೆರಿಕದವರು ಕೃತಕ ರಬ್ಬರಿಗಾಗಿ ಹುಡುಕಾಡುತ್ತಿದ್ದರು. 1943ರ ಸುಮಾರಿನಲ್ಲಿ ಜೇಮ್ಸ್ ರೈಟ್ ಎಂಬ ರಸಾಯನಜ್ಞರು ಸಿಲಿಕೋನ್ ಎಣ್ಣೆಗೆ ಬೋರಿಕ್ ಆಮ್ಲವನ್ನು ಬೆರೆಸಿದಾಗ ವಿಚಿತ್ರವಾದ ಮುದ್ದೆಯೊಂದು ಸಿದ್ಧವಾಯಿತು. ಎಸೆದರೆ ಪುಟಿಯುತ್ತದೆ, ಎಳೆದರೆ ಹಿಗ್ಗುತ್ತದೆ, ಇಟ್ಟರೆ ಸೋಮಾರಿಯಂತೆ ಹರಡಿಕೊಳ್ಳುತ್ತದೆ. ಗಾಲಿಗೆ ಬಾರದು, ಬೂಟಿಗೆ ಬಾರದು. ರಬ್ಬರಿನ ಬದಲಿಯಾಗಿ ಅದು ದಂಡ. ಕೆಲವು ವರ್ಷಗಳ ಮೇಲೆ, 1950ರ ಹೊತ್ತಿಗೆ, ಪೀಟರ್ ಹಾಡ್ಜ್‌ಸನ್ ಎಂಬ ವ್ಯಾಪಾರಿ ಅದನ್ನು ಪ್ಲಾಸ್ಟಿಕ್ಕಿನ ಮೊಟ್ಟೆಗಳಲ್ಲಿ ತುಂಬಿ ‘ಸಿಲ್ಲಿ ಪುಟ್ಟಿ’ ಎಂಬ ಹೆಸರಿನಿಂದ ಮಕ್ಕಳಿಗೆ ಮಾರಿದರು. 1968ರಲ್ಲಿ ಚಂದ್ರನನ್ನು ಸುತ್ತಿಬಂದ ಅಪೊಲೊ 8ರ ಯಾತ್ರಿಗಳೂ ಅದನ್ನು ಜೊತೆಗೊಯ್ದಿದ್ದರು. ಯುದ್ಧ ಇಲಾಖೆ ಒಲ್ಲೆನೆಂದುದನ್ನು ಬೆರಳುಗಳು ಒಪ್ಪಿದುವು.

ಇನ್ನು ಹರಿದ ಆನೆಮರಿಯನ್ನು ಏನು ಮಾಡಬೇಕು? ಬದಲಿ ಬಂದೊಡನೆ ಹಳೆಯದನ್ನು ಕಸದ ಬುಟ್ಟಿಗೆ ಹಾಕುವ ಉತ್ಸಾಹ ತಾಯಂದಿರಿಗೆ ಸಹಜ. ಲೋಳೆ ಸೋರುವಂಥದಾದರೆ ಒಂದು ಡಬ್ಬಿಯಲ್ಲಿ ಮುಚ್ಚಿಯಾದರೂ ಕೆಲವು ದಿನ ಅಟ್ಟದ ಮೇಲಿರಲಿ. ಮಕ್ಕಳ ಈ ಬಗೆಯ ನೆಚ್ಚಿನ ವಸ್ತುಗಳನ್ನು ಕುರಿತು ಗಂಭೀರವಾಗಿ ಬರೆದವರು ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್. ಅವರ ಪ್ರಬಂಧ ಅಚ್ಚಾದುದು 1953ರಲ್ಲಿ. ಅಂಥ ವಸ್ತುವಿನಲ್ಲಿ ಬದಲಾವಣೆ ಮಾಡುವ ಅಧಿಕಾರ ಮಗುವಿಗೆ ಮಾತ್ರ ಎನ್ನುತ್ತಾರೆ ಅವರು. ಕಾಲ ಬಂದಾಗ ಮಗು ಅದಕ್ಕಾಗಿ ಅಳುವುದೂ ಇಲ್ಲ, ಅದನ್ನು ಮರೆಯುವುದೂ ಇಲ್ಲ, ಸುಮ್ಮನೆ ಅದರ ಅಗತ್ಯ ಕಳೆದುಹೋಗುತ್ತದೆ. ವಸ್ತು ಕೊಳೆಯಾಗಿ ನಾರುತ್ತಿದ್ದರೂ ತಾಯಿ ಅದನ್ನು ಒಗೆಯದೆ ಬಿಡುವುದುಂಟೆಂದೂ, ಒಗೆದರೆ ಮಗುವಿನ ಅನುಭವದ ಎಳೆ ಕಡಿಯುವುದೆಂದು ಆಕೆ ಬಲ್ಲಳೆಂದೂ ಅವರು ಬರೆದಿದ್ದಾರೆ.

ರಾಗಿಯ ಚೀಲದ ವಿಷಯದಲ್ಲಿ ಒಗೆಯದಿರಲು ಇನ್ನೂ ಬಲವಾದ ಕಾರಣವಿದೆ. ಒಮ್ಮೆ ನೆನೆದರೆ ಎರಡು ಮೂರು ದಿನಗಳಲ್ಲಿ ಅದು ಮೊಳಕೆಯೊಡೆಯುತ್ತದೆ. ಆಮೇಲೆ ಅದು ಬೊಂಬೆಯ ಲೆಕ್ಕಕ್ಕೆ ಬಾರದೆ ಮೊಳಕೆಹಿಟ್ಟಿನ ಲೆಕ್ಕಕ್ಕೆ ಹೋಗುತ್ತದೆ. ಅಜ್ಜಿ ಇದನ್ನು ಮೊದಲೇ ಯೋಚಿಸಿ, ರವಿಕೆಯ ಉಳಿದ ತುಂಡಿನಿಂದ ಮೇಲುಚೀಲವೊಂದನ್ನು ಬೇರೆ ಹೊಲಿದಿಟ್ಟಿದ್ದಾರೆ. ಒಗೆಯಲು ಅದಿದೆ.